ಶಿಡ್ಲಘಟ್ಟದ ಚರಕದ ಬೀದಿಯಲ್ಲಿ ಬೆಳೆದವರು ಯಾರಾದರೂ ಇದ್ದೀರಾ?

ಗೌಡನಕೆರೆ ಏರಿ:

ಶಿಡ್ಲಘಟ್ಟದಲ್ಲಿ ನಮ್ಮ ತಾತ ಕಟ್ಟಿಸಿದ್ದ ಚರಕದ ಶೆಡ್ಡನ್ನು ಬರುವ ತಿಂಗಳು ಕೆಡವುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅದರಲ್ಲಿ ಒಲೆ ಉರಿದು ಹತ್ತು ವರ್ಷಗಳ ಮೇಲಾಯಿತು. ಹೆಂಚು ಜಾರಿದ ಕಡೆಗಳಲ್ಲಿ ಮಳೆಯ ನೀರು ನೇರವಾಗಿ ಬಾಣಲೆ ಕೂರಿಸುತ್ತಿದ್ದ ಕಟ್ಟೆಯ ಮೇಲೆ ಬೀಳುತ್ತದೆ. ಕೆಡವುವ ಮೊದಲು ಆ ಬೀದಿಯನ್ನು ಕಂಡವರ ನೆನಪುಗಳು ಒಂದು ಕಡೆ ಸೇರಲಿ ಎಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನಾನು ಹೇಳುತ್ತಿರುವುದು 1980ರ ಆಸುಪಾಸಿನ ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ನಾವು ಕೋಲಾರ ಜಿಲ್ಲೆಯವರು.

ಚರಕವೆಂದೊಡನೆ ಹತ್ತಿಯ ನೂಲು ತೆಗೆಯುವ ಗಾಂಧೀಜಿಯವರ ಚರಕವೇ ಎಲ್ಲರ ಕಣ್ಣ ಮುಂದೆ ಬರುತ್ತದೆ. ನಮ್ಮದು ಅದಲ್ಲ. ಮಣ್ಣಿನ ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ಅದರಲ್ಲಿ ತೇಲುವ ರೇಷ್ಮೆ ಗೂಡುಗಳು, ಬಾಣಲೆಯ ಮುಂದೆ ಕುಳಿತು ಎಳೆಯ ತುದಿ ಹುಡುಕುವವರು ಒಬ್ಬರು, ಆಚೆಗೆ ದೊಡ್ಡ ರಾಟೆಯನ್ನು ಕೈಯಿಂದ ತಿರುಗಿಸುವವರು ಇನ್ನೊಬ್ಬರು. ಗೂಡು ಬೇಯುವುದೂ ನೂಲು ಬಿಚ್ಚುವುದೂ ಅದೇ ಬಾಣಲೆಯಲ್ಲಿ. ಒಂದು ಗೂಡಿನ ಎಳೆ ಕಣ್ಣಿಗೆ ಸಿಕ್ಕುವುದೇ ಕಷ್ಟವಾದ್ದರಿಂದ ಎಂಟು ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡಬೇಕು. ಅವುಗಳಲ್ಲಿ ಒಂದು ಗೂಡು ಮುಗಿದರೆ ಓಡುತ್ತಿರುವ ನೂಲಿಗೇ ಮತ್ತೊಂದರ ಎಳೆಯನ್ನು ಸೇರಿಸಬೇಕು. ರಾಟೆ ನಿಲ್ಲುವಂತಿಲ್ಲ, ನೀರು ಆರುವಂತಿಲ್ಲ. ಒಂದು ಕೆ.ಜಿ. ನೂಲಿಗೆ ಎಂಟು ಹತ್ತು ಕೆ.ಜಿ. ಗೂಡು ಬೇಕಾಗುತ್ತಿತ್ತು ಎಂದರೆ, ಉಳಿದದ್ದೆಲ್ಲ ಹುಳು ಮತ್ತು ವಾಸನೆ ಎಂದು ತಿಳಿಯಿರಿ.

ಆ ವಾಸನೆಯನ್ನು ವರ್ಣಿಸಲು ನನಗೆ ಇವತ್ತಿಗೂ ಮಾತು ಸಿಕ್ಕಿಲ್ಲ. ಬೆಂದ ಹುಳುವಿನದು, ಹಸಿ ಸೌದೆಯ ಹೊಗೆಯದು, ಬಚ್ಚಲಿನ ನೀರಿನದು, ಮೂರೂ ಸೇರಿದ್ದು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ನಾವು ಹತ್ತಿದರೆ ಪಕ್ಕದವರು ಕಿಟಕಿ ತೆರೆಯುತ್ತಿದ್ದರು. ನಮಗೋ ಆ ವಾಸನೆ ಇಲ್ಲದ ಊರೇ ಏನೋ ಕಳೆದುಕೊಂಡಂತೆ ಕಾಣುತ್ತಿತ್ತು. ಎಳೆ ಮುಗಿದ ಗೂಡಿನೊಳಗಿನ ಕಂದು ಹುಳುಗಳನ್ನು ಗೋಡೆಯ ಪಕ್ಕ ರಾಶಿ ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ಬೀದಿಯ ಕಾಗೆಗಳೂ ಕೋಳಿಗಳೂ ಅಲ್ಲಿ ಹಾಜರು.

ನನಗೆ ಅತ್ಯಂತ ಪ್ರಿಯವಾದ ನೆನಪೆಂದರೆ ಕಡಲೆಕಾಯಿ ಸಿಪ್ಪೆಯ ಮೂಟೆಗಳದು. ಸೌದೆ ತುಟ್ಟಿಯಾದ ದಿನಗಳಲ್ಲಿ ಒಲೆಗೆ ಅದನ್ನೇ ಹಾಕುತ್ತಿದ್ದರು. ಮಿಲ್ಲಿನಿಂದ ಬಂದ ಸಿಪ್ಪೆಯಲ್ಲಿ ಒಡೆಯದೆ ಉಳಿದ ಒಂದೊಂದು ಕಾಯಿ ಸಿಕ್ಕುತ್ತಿತ್ತು. ಶಾಲೆಯಿಂದ ಬಂದವರೇ ಮೂಟೆಯೊಳಗೆ ಭುಜದ ತನಕ ಕೈ ಇಳಿಸಿ, ಯಾರಿಗೆ ಹೆಚ್ಚು ಸಿಕ್ಕುವುದೋ ಎಂದು ಪಂದ್ಯ ಕಟ್ಟುತ್ತಿದ್ದೆವು. ಸಿಕ್ಕಿದ್ದನ್ನು ಒಲೆಯ ಬಾಯಿಯಲ್ಲಿಯೇ ಸುಟ್ಟುಕೊಂಡು ತಿನ್ನುವುದು.

ಮೊನ್ನೆ ಶೆಡ್ಡಿನ ಬೀಗ ತೆಗೆಸಿದಾಗ ರಾಟೆಗಳು ಇರಲಿಲ್ಲ, ಯಾರೋ ಸೌದೆಗೆ ಒಯ್ದಿದ್ದಾರೆ. ಒಲೆಗಳ ಕಪ್ಪು ಗುರುತು ಉಳಿದಿದೆ. ಮಾಡಿನ ತೊಲೆಗಳಲ್ಲಿ ಗೂಡು ತೂಗಲು ತಕ್ಕಡಿ ಕಟ್ಟುತ್ತಿದ್ದ ಕಬ್ಬಿಣದ ಕೊಕ್ಕೆಗಳು ಹಾಗೆಯೇ ಇವೆ. ನಿಮ್ಮ ನೆನಪುಗಳನ್ನೂ ದಯವಿಟ್ಟು ಬರೆಯಿರಿ.

ಹಿಪ್ಪುನೇರಳೆ:

ನಾನು ಆ ಬೀದಿಯವನಲ್ಲ, ಜಂಗಮಕೋಟೆ ಕಡೆಯ ರೈತನ ಮಗ. ಆದರೆ ನಿಮ್ಮ ಬಾಣಲೆಗೆ ಬಿದ್ದ ಗೂಡು ನಮ್ಮ ಮನೆಯ ಚಂದ್ರಂಕಿಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ಬಂದದ್ದಾದ್ದರಿಂದ ಒಂದೆರಡು ಮಾತು ಬರೆಯುತ್ತೇನೆ.

ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಾರದು. ಅಲ್ಲದೆ ದಿನ ಕಳೆದಂತೆ ಗೂಡು ಒಣಗಿ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ರೈತನ ಜೇಬು ಇಳಿಯುತ್ತದೆ. ಹೀಗಾಗಿ ಅಪ್ಪ ಬೆಳಗಿನ ಜಾವದ ಬಸ್ಸಿನ ಮೇಲೆ ಮೂಟೆ ಹಾಕಿಸಿ ನನ್ನನ್ನು ಅದರ ಕಾವಲಿಗೆ ಕೂರಿಸುತ್ತಿದ್ದರು. ಗೂಡಿನ ಮೂಟೆಯ ಮೇಲೆ ಕೂರಬಾರದು, ಅಮುಕಬಾರದು, ನೀರು ತಾಗಿಸಬಾರದು. ಹಸುಗೂಸನ್ನಾದರೂ ಅಷ್ಟು ನಾಜೂಕಾಗಿ ನೋಡಿಕೊಳ್ಳುತ್ತಿದ್ದರೋ ಇಲ್ಲವೋ.

ಮಾರುಕಟ್ಟೆಯಲ್ಲಿ ಜಾಲರಿಗೆ ಗೂಡು ಸುರಿದು ಪಕ್ಕದಲ್ಲಿ ನಿಲ್ಲಬೇಕು. ನೂಲು ಬಿಚ್ಚಿಸುವ ರೀಲರುಗಳು ಬಂದು ಗೂಡಿನೊಳಗೆ ಕೈ ಇಳಿಸಿ, ಒಂದು ಹಿಡಿ ಎತ್ತಿ, ಎರಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮಾತಿಲ್ಲದೆ ಮುಂದಕ್ಕೆ ಹೋಗುತ್ತಿದ್ದರು. ಆ ಮೌನ ಅಪ್ಪನಿಗೆ ಹರಾಜಿಗಿಂತ ಹೆಚ್ಚಿನ ಹೆದರಿಕೆ. ನಾಲ್ಕು ವಾರ ರಾತ್ರಿ ಹಗಲು ಸೊಪ್ಪು ಹಾಕಿದ್ದರ ಬೆಲೆಯನ್ನು ಒಬ್ಬನ ಹೆಬ್ಬೆರಳು ಹೇಳಿಬಿಡುತ್ತಿತ್ತಲ್ಲ.

ಒಳ್ಳೆಯ ಬೆಲೆ ಸಿಕ್ಕಿದ ದಿನ ನನಗೆ ಬನ್ನು ಮತ್ತು ಟೀ. ಆ ಟೀ ಅಂಗಡಿಗೆ ಹೋಗುವ ದಾರಿ ನಿಮ್ಮ ಬೀದಿಯದೇ ಇರಬೇಕು. ತೆರೆದ ಬಾಗಿಲುಗಳಿಂದ ಬರೀ ಬಿಳಿ ಹಬೆ ಬರುತ್ತಿತ್ತು. ಆ ಹಬೆಯೊಳಗಿಂದ ರಾಟೆಯ ಕಿರುಗುಟ್ಟುವಿಕೆ ಕೇಳುತ್ತಿತ್ತೇ ಹೊರತು ಮನುಷ್ಯರು ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ ನನ್ನ ವಯಸ್ಸಿನ ಒಬ್ಬ ಹುಡುಗ ಬಾಗಿಲಿಗೆ ಬಂದು ನನ್ನ ಕೈಯ ಬನ್ನನ್ನು ನೋಡಿ ಒಳಕ್ಕೆ ಹೋದ.

ನಿವೃತ್ತ ಮೇಷ್ಟ್ರು:

ಆ ಹುಡುಗನಂಥವರ ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಜೂನ್ ತಿಂಗಳಲ್ಲಿ ಹೆಸರು ಬರೆಸುವರು, ದಸರೆ ರಜೆ ಮುಗಿಯುವ ಹೊತ್ತಿಗೆ ಆ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುವುದು. ನಡುವೆ ಎಂದಾದರೂ ಬಂದರೆ ಅವರ ಬೆರಳ ತುದಿಗಳು ನೀರಲ್ಲಿ ನೆಂದು ಬಿಳುಚಿ ಬಿರಿದಿರುತ್ತಿದ್ದವು. ಬಳಪ ಹಿಡಿಯಲು ನೋವಾಗುತ್ತದೆ ಎಂದು ಒಬ್ಬ ಹುಡುಗಿ ಹೇಳಿದ ಮೇಲೆ ನಾನು ಅಂಥವರಿಗೆ ಕಾಪಿ ಬರೆಯಿಸುವುದನ್ನು ಬಿಟ್ಟು ಬಾಯಿಲೆಕ್ಕ ಹೇಳಿಸತೊಡಗಿದೆ. ಮೇಲಿನವರು ತಪಾಸಣೆಗೆ ಬಂದಾಗ ಅದಕ್ಕೂ ಬೈಗುಳ ಸಿಕ್ಕಿತು.

1986ರಲ್ಲಿ ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ ಬಂದಿತು. ಅದರಲ್ಲಿ ಮನೆಯವರ ನೆರವಿನಿಂದಲೇ ನಡೆಸುವ ಕಸುಬಿಗೆ ವಿನಾಯಿತಿ ಇತ್ತು. ಆ ಬಳಿಕ ಯಾವ ಶೆಡ್ಡಿಗೆ ಹೋಗಿ ವಿಚಾರಿಸಿದರೂ ರಾಟೆ ತಿರುಗಿಸುವ ಹುಡುಗ ಮಾಲೀಕರ ತಂಗಿಯ ಮಗನೋ ಷಡ್ಡಕನ ಮಗನೋ ಆಗಿರುತ್ತಿದ್ದ. ಒಂದೇ ಬೀದಿಯಲ್ಲಿ ಅಷ್ಟೊಂದು ನಂಟಸ್ತಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೀದಿಯ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. ಬಾಬಯ್ಯನ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಕೆಂಡದ ಗುಂಡಿಯ ಸುತ್ತ ಹಿಂದೂಗಳು ಮುಸ್ಲಿಮರೆನ್ನದೆ ಇಡೀ ಬೀದಿ ಸೇರುತ್ತಿತ್ತು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತನಾಡುವ ಮಕ್ಕಳಿಗೆ ಶುದ್ಧ ಕನ್ನಡದಲ್ಲಿ ಪ್ರಬಂಧ ಬರೆಯಿರಿ ಎನ್ನುವಾಗ ನನಗೇ ನಗು ಬರುತ್ತಿತ್ತು.

ಮೂರನೇ ತಲೆಮಾರು:

ನಮ್ಮದು ಇವತ್ತಿಗೂ ನೂಲು ಬಿಚ್ಚುವ ಮನೆ. ಮೇಷ್ಟ್ರು ಹೇಳಿದ್ದನ್ನು ಸುಳ್ಳೆನ್ನುವುದಿಲ್ಲ. ಆದರೆ ಮಾಲೀಕ ಎಂಬ ಮಾತನ್ನು ಓದಿದವರು ಧಣಿಗಳನ್ನು ಕಲ್ಪಿಸಿಕೊಂಡಾರು ಎಂಬ ಭಯದಿಂದ ಬರೆಯುತ್ತಿದ್ದೇನೆ. ನಮ್ಮ ಅಬ್ಬಾಜಾನ್ ಹತ್ತಿರ ಇದ್ದದ್ದು ಎರಡು ಚರಕ. ಒಂದರ ಮುಂದೆ ಅವರೇ ಕೂರುತ್ತಿದ್ದರು, ಇನ್ನೊಂದರ ಮುಂದೆ ನಮ್ಮ ಅಮ್ಮೀಜಾನ್. ನಾವು ನಾಲ್ಕು ಮಕ್ಕಳು ಸರದಿಯ ಮೇಲೆ ರಾಟೆ ತಿರುಗಿಸಿದವರೇ. ಗೂಡಿಗೆ ಅಂದಂದೇ ಹಣ ಕೊಡಬೇಕು. ನೂಲು ಮಾತ್ರ ಕೊಳ್ಳುವವರ ಮರ್ಜಿಗೆ ಕಾಯಬೇಕು. ಬೆಳಿಗ್ಗೆ ಒಂದು ಬೆಲೆಗೆ ಗೂಡು ತಂದು ನೂಲಾಗುವ ಹೊತ್ತಿಗೆ ನೂಲಿನ ಬೆಲೆ ಬಿದ್ದರೆ, ಆ ವಾರದ ಕೂಲಿ ಕೊಡುವುದಕ್ಕೆ ಅಮ್ಮೀಜಾನರ ಬಳೆ ಅಡವಿಗೆ ಹೋಗುತ್ತಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಚೀನಾ ನೂಲಿನ ಮುಂದೆ ನಮ್ಮ ನೂಲು ಕುಸಿಯಿತು. ಗೌಡನಕೆರೆ ಸಾಹೇಬರ ಶೆಡ್ಡಿನ ಒಲೆ ಆರಿದ್ದೂ ಆ ಸುಮಾರಿಗೇ ಇರಬೇಕೆಂದು ನನ್ನ ಊಹೆ.

ಈಗ ಊರಿನಲ್ಲಿ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಅವು ಕೇಳುವುದು ದ್ವಿತಳಿ ಎಂಬ ಜಾತಿಯ ಹುಳುವಿನ ಬಿಳಿ ಗೂಡು. ನಮ್ಮ ಚಿಕ್ಕಂದಿನ ಹಳದಿ ಗೂಡಿನ ರಾಶಿಯನ್ನು ನನ್ನ ಮಗಳು ನೋಡಿದ್ದೇ ಕಡಿಮೆ. ವಾಸನೆಯ ವಿಷಯದಲ್ಲಿ ಮಾತ್ರ ಯಾವ ಯಂತ್ರವೂ ಏನೂ ಮಾಡಿಲ್ಲ.

ಗೌಡನಕೆರೆ ಏರಿ:

ನಿಮ್ಮ ಊಹೆ ಸರಿ, ಭಾಯಿ. ಸುಂಕ ಇಳಿದ ಮರುವರ್ಷವೇ ಚಿಕ್ಕಪ್ಪ ಕೈಬಿಟ್ಟರು. ನಮ್ಮದರಲ್ಲಿ ಎಂಟು ಚರಕಗಳಿದ್ದವು; ನಮ್ಮ ಮನೆಯ ಮಕ್ಕಳು ಯಾರೂ ರಾಟೆ ತಿರುಗಿಸಲಿಲ್ಲ. ಅದನ್ನು ನಾನು ಮೊದಲೇ ಬರೆಯಬೇಕಾಗಿತ್ತು.

ಚರಕದ ಮಗಳು:

ಎರಡು ದಿನಗಳಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಈಗ ಬರೆಯುತ್ತಿದ್ದೇನೆ. ನಾನು ಅಂಗನವಾಡಿ ಕಾರ್ಯಕರ್ತೆ. ಕನ್ನಡ ಬರೆಯಲು ಕಲಿತದ್ದು ತಡವಾಗಿ, ಆದ್ದರಿಂದ ತಪ್ಪುಗಳಿದ್ದರೆ ಮೇಷ್ಟ್ರು ತಿದ್ದಬಹುದು.

ನಾನು ಎಂಟನೆಯ ವಯಸ್ಸಿನಿಂದ ಹದಿಮೂರರ ತನಕ ಆ ಬೀದಿಯ ಒಂದು ಶೆಡ್ಡಿನಲ್ಲಿ ರಾಟೆ ತಿರುಗಿಸಿದೆ. ಯಾರದೆಂದು ಹೇಳುವುದಿಲ್ಲ, ಅವರ ಮಕ್ಕಳು ಈಗ ಎದುರಾದರೆ ಮಾತನಾಡಿಸುತ್ತಾರೆ. ಅಣ್ಣನ ಕಾಯಿಲೆಗೆಂದು ಅಪ್ಪ ಮುಂಗಡ ತಂದಿದ್ದರು. ಆ ಮುಂಗಡ ತೀರುವ ತನಕ ನಾನು ಅಲ್ಲಿರಬೇಕೆಂದು ಮಾತಾಗಿತ್ತು. ಒಂದು ಹಬ್ಬಕ್ಕೆ, ಒಂದು ಮದುವೆಗೆ ಮತ್ತಷ್ಟು ಸೇರಿಕೊಳ್ಳುತ್ತಿದ್ದುದರಿಂದ ಅದು ತೀರಲೇ ಇಲ್ಲ. ಕತ್ತಲೆಯಲ್ಲಿ ಹೋಗಿ ಕತ್ತಲೆಯಲ್ಲಿ ಬರುತ್ತಿದ್ದೆವು. ಅಮ್ಮ ಬಾಣಲೆಯ ಮುಂದೆ, ನಾನು ರಾಟೆಯ ಹಿಂದೆ. ಅಮ್ಮನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹಬೆಯಲ್ಲಿ ಅದೂ ಮಸುಕಾಗುತ್ತಿತ್ತು. ನೂಲು ತುಂಡಾದರೆ ಅಮ್ಮ ತಿರುಗಿ ನೋಡದೆಯೇ ಎಡಗೈ ಎತ್ತುತ್ತಿದ್ದಳು, ನಾನು ತಕ್ಷಣ ನಿಲ್ಲಿಸಬೇಕು. ಕೈ ಇಳಿದೊಡನೆ ಮತ್ತೆ ತಿರುಗಿಸಬೇಕು. ಈಗಲೂ ಯಾರಾದರೂ ಎಡಗೈ ಎತ್ತಿದರೆ ನನ್ನ ಬಲ ಭುಜ ತಾನಾಗಿ ನಿಲ್ಲುತ್ತದೆ. ನಗಬೇಡಿ, ಇದು ನಿಜ.

ಕಡಲೆಕಾಯಿಯ ವಿಷಯವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ಮೂಟೆಗಳ ಕಾಯಿಗಳಿಗೆ ನಾವೂ ಕೈ ಹಾಕುತ್ತಿದ್ದೆವು. ಆದರೆ ಮಾಲೀಕರ ಮನೆಯ ಮಕ್ಕಳು ಶಾಲೆಯಿಂದ ಬರುವುದರೊಳಗೆ, ಬೆಳಿಗ್ಗೆಯೇ, ಒಲೆ ಹಚ್ಚುವ ನೆಪದಲ್ಲಿ. ನಿಮಗೆ ಸಂಜೆ ಸಿಕ್ಕಿದ್ದು ನಾವು ಬಿಟ್ಟದ್ದು, ಅಣ್ಣ. ಪಂದ್ಯ ಗೆದ್ದೆ ಎಂದುಕೊಂಡಿದ್ದರೆ ಕ್ಷಮಿಸಿ.

ಎಲ್ಲವೂ ದುಃಖವೇ ಎಂದು ಬರೆದರೆ ಸುಳ್ಳಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಊರೆಲ್ಲ ನಡುಗುವಾಗ ಶೆಡ್ಡಿನೊಳಗೆ ಬೆಚ್ಚಗಿರುತ್ತಿತ್ತು. ಅವರೆಕಾಯಿಯ ಕಾಲದಲ್ಲಿ ಎಲ್ಲರ ಬುತ್ತಿಯಲ್ಲಿಯೂ ಹಿತಕಿದ ಬೇಳೆಯ ಸಾರು, ಮುದ್ದೆ. ನನ್ನ ಪಕ್ಕದ ಚರಕದ ಖಾಲಾ ತಮ್ಮ ಬುತ್ತಿಯನ್ನು ತೆರೆಯುವ ಮೊದಲು ನನ್ನ ತಟ್ಟೆಯನ್ನು ನೋಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ರಾಟೆಗಳು ನಿಂತಾಗ, ಇಷ್ಟು ಹೊತ್ತು ಅಷ್ಟು ಸದ್ದಿತ್ತೇ ಎಂದು ಬೆರಗಾಗುತ್ತಿತ್ತು. ಅದೇ ಹೊತ್ತಿಗೆ ದೂರದಲ್ಲಿ ನ್ಯಾರೋಗೇಜಿನ ಚಿಕ್ಕ ರೈಲು ಕೂಗಿದರೆ ನಾವು ಹುಡುಗಿಯರೆಲ್ಲ ಬಾಗಿಲಿಗೆ ಓಡುತ್ತಿದ್ದೆವು. ಆ ಮಾರ್ಗದಲ್ಲಿ 2013ರಲ್ಲಿ ಬ್ರಾಡ್‌ಗೇಜ್ ರೈಲು ಬಂದ ಮೇಲೆ ನಾನು ಮೊದಲ ಸಲ ಕೋಲಾರಕ್ಕೆ ರೈಲಿನಲ್ಲಿ ಹೋದೆ. ಚಿಕ್ಕ ರೈಲನ್ನು ಹತ್ತಲು ಕೊನೆಗೂ ಆಗಲಿಲ್ಲ.

ಇನ್ನೊಂದು ವಿಷಯ. ಗೌಡನಕೆರೆ ಅಣ್ಣ, ತೊಲೆಯ ಕೊಕ್ಕೆಗಳು ತಕ್ಕಡಿಯವು ಎಂದು ಬರೆದಿದ್ದೀರಿ. ನಿಮ್ಮ ಶೆಡ್ಡನ್ನು ನಾನು ಒಳಗಿಂದ ನೋಡಿಲ್ಲ. ಆದರೆ ನಾನಿದ್ದ ಕಡೆ ಅಂಥ ಕೊಕ್ಕೆಗಳಿಗೆ ಸೀರೆಯ ಜೋಲಿ ಕಟ್ಟುತ್ತಿದ್ದರು. ಬಾಣಂತನ ಮುಗಿಸಿ ಬಂದವರು ಕೂಸನ್ನು ಮತ್ತೆಲ್ಲಿ ಮಲಗಿಸಬೇಕು? ನೆಲವೆಲ್ಲ ಬಿಸಿನೀರು. ನನ್ನ ತಮ್ಮ ಮಲಗಿದ್ದು ಅಂಥ ಜೋಲಿಯಲ್ಲಿ. ಜೋಲಿಯ ತುದಿಗೆ ಒಂದು ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ನನ್ನ ಕಾಲಿಗೆ ಕಟ್ಟಿದ್ದರು. ಕೈ ರಾಟೆಯನ್ನು ತಿರುಗಿಸುತ್ತಿತ್ತು, ಕಾಲು ತಮ್ಮನನ್ನು ತೂಗುತ್ತಿತ್ತು. ಕೆಡವುವ ಮೊದಲು ಒಮ್ಮೆ ನೋಡಿ. ಕೊಕ್ಕೆ ಬಾಗಿಲ ಹತ್ತಿರ ಇದ್ದರೆ ತಕ್ಕಡಿಯದು. ಚರಕದ ಕಟ್ಟೆಗಳಿಗೆ ಎದುರಾಗಿ ಇದ್ದರೆ ಜೋಲಿಯದು.

ಹಿಪ್ಪುನೇರಳೆ:

ಅಕ್ಕ, ನಾನು ಬನ್ನು ತಿನ್ನುತ್ತಾ ಹೋದ ದಾರಿಯಲ್ಲಿ ಆ ಬಾಗಿಲೂ ಇದ್ದಿರಬೇಕು. ನಮ್ಮ ಅಪ್ಪ ಬೆಲೆ ಸಿಕ್ಕದ ದಿನಗಳಲ್ಲಿ ರೀಲರುಗಳನ್ನು ಬೈಯುತ್ತಿದ್ದರು; ರೀಲರು ಗೂಡು ಸರಿಯಿಲ್ಲವೆಂದು ರೈತನನ್ನು ಬೈಯುತ್ತಿದ್ದರು. ಇಬ್ಬರ ಬಾಯಲ್ಲೂ ರಾಟೆಯ ಹಿಂದೆ ಇದ್ದವರ ಮಾತು ಬಂದದ್ದನ್ನು ನಾನು ಕೇಳಿಲ್ಲ.

ನಿವೃತ್ತ ಮೇಷ್ಟ್ರು:

ತಿದ್ದುವಂಥದ್ದು ಏನೂ ಇಲ್ಲ, ತಾಯಿ.

ಮೂರನೇ ತಲೆಮಾರು:

ಆಪಾ, ನಮ್ಮ ಮನೆಯಲ್ಲಿಯೂ ಜೋಲಿ ಇತ್ತು, ಅದರಲ್ಲಿ ಮಲಗಿದ್ದವನು ನಾನೇ ಎಂದು ಅಮ್ಮೀಜಾನ್ ಹೇಳುತ್ತಿದ್ದರು. ಬಾಣಲೆಯ ಹಬೆ ಕುಡಿದು ಬೆಳೆದವನಿಗೆ ನೆಗಡಿ ಬಾರದು ಎಂದು ನಂಬಿದ್ದರು. ನನಗೆ ಉಬ್ಬಸ ಬಂದಿತು.

ಗೌಡನಕೆರೆ ಏರಿ:

ಉತ್ತರಿಸಲು ನಾಲ್ಕು ದಿನ ತಡವಾದದ್ದಕ್ಕೆ ಕ್ಷಮೆ ಇರಲಿ. ನಿನ್ನೆ ಊರಿಗೆ ಹೋಗಿದ್ದೆ. ಬೆಳಕು ಸಾಲದೆಂದು ಟಾರ್ಚ್ ಹಿಡಿದು, ಏಣಿ ಹಾಕಿಸಿ, ತೊಲೆಗಳನ್ನು ಒಂದೊಂದಾಗಿ ನೋಡಿದೆ. ಒಟ್ಟು ಏಳು ಕೊಕ್ಕೆಗಳಿವೆ. ಒಂದು ಬಾಗಿಲ ಹತ್ತಿರವಿದೆ, ದಪ್ಪನೆಯದು. ಉಳಿದ ಆರು ತೆಳ್ಳಗಿವೆ, ಕಟ್ಟೆಗಳಿಗೆ ಎದುರಾಗಿವೆ. ಅವುಗಳ ಒಳಬದಿ ಬಟ್ಟೆ ಉಜ್ಜಿ ಉಜ್ಜಿ ಸವೆದು ನುಣುಪಾಗಿದೆ. ನಮ್ಮಲ್ಲಿ ತಕ್ಕಡಿ ಇದ್ದದ್ದು ಒಂದೇ.